ಪಿಕಪ್‌ಗೆ ಫೈಬರ್ ಮಡ್‌ಗಾರ್ಡ್: ಶೋಕಿ ರೇಸಿನದು, ಸಾಲ ನಮ್ಮದು

ನೇರವಾಗಿಯೇ ಹೇಳಿಬಿಡುತ್ತೇವೆ. ದುಡಿಯುವ ಪಿಕಪ್‌ನ ತಗಡಿನ ಮಡ್‌ಗಾರ್ಡ್ ಕಿತ್ತು, ಅಂಚು ಕತ್ತರಿಸಿ, ಹೊರಗೆ ಚಾಚುವ ಫೈಬರ್ ಮಡ್‌ಗಾರ್ಡ್ ಕೂರಿಸುವುದು ದಂಡದ ಕೆಲಸ. ಈ ಮಾತಿಗೆ ಊರಿನ ಕೆಲವು ತಮ್ಮಂದಿರಿಗೆ ಸಿಟ್ಟು ಬರಬಹುದು. ಬರಲಿ. ಓದಿದ ಮೇಲೆ ಬೈಯಲಿ.

ಸಕಲೇಶಪುರ, ಮೂಡಿಗೆರೆ, ಮಡಿಕೇರಿ ಕಡೆ ಪಿಕಪ್, ಜೀಪು ಇಲ್ಲದೆ ತೋಟದ ಬದುಕು ನಡೆಯುವುದಿಲ್ಲ. ಕಾಫಿ ಚೀಲ, ಶುಂಠಿ ಮೂಟೆ, ಗೊಬ್ಬರ, ಹಸುವಿನ ಮೇವು, ಎಲ್ಲಕ್ಕೂ ಅದೇ ಗಾಡಿ. ರಾತ್ರಿ ಯಾರಿಗಾದರೂ ಹುಷಾರಿಲ್ಲ ಎಂದರೆ ಅದೇ ಆಂಬುಲೆನ್ಸ್. ತಿಂಗಳು ಬಂದರೆ ಅದರದೇ ಕಂತು. ಈಗ ರೀಲ್ಸ್ ನೋಡಿ ನೋಡಿ ಇದೇ ಗಾಡಿಗೆ ದಪ್ಪ ಟೈರು, ಅದರ ಮೇಲೆ ರೆಕ್ಕೆಯಂಥ ಫೈಬರ್ ಮಡ್‌ಗಾರ್ಡ್ ಹಾಕಿಸುವ ಹುಚ್ಚು ಹತ್ತಿದೆ. ಅಂಗಡಿಯವರು ಅದನ್ನು 'ಫೆಂಡರ್' ಎನ್ನುತ್ತಾರೆ. ಹೆಸರು ಬದಲಾದರೆ ರೇಟೂ ಬದಲಾಗುತ್ತದೆ.

ಇದು ಬಂದದ್ದು ಎಲ್ಲಿಂದ?

ಮೆಕ್ಸಿಕೊ ದೇಶದ ಬಾಹಾ ಕ್ಯಾಲಿಫೋರ್ನಿಯಾದಲ್ಲಿ ಮರುಭೂಮಿ ರೇಸ್ ಒಂದಿದೆ. 1967ರಲ್ಲಿ ಟಿಹುವಾನಾದಿಂದ ಲಾ ಪಾಜ್‌ವರೆಗೆ ಶುರುವಾಯಿತು, ಇವತ್ತು 'ಬಾಹಾ 1000' ಎಂದು ಹೆಸರುವಾಸಿ. ಮರಳು, ಕಲ್ಲು, ಹಳ್ಳದ ಮೇಲೆ ಗಾಡಿ ಹಾರಿಕೊಂಡೇ ಹೋಗುತ್ತದೆ. ಅದಕ್ಕೆ ಚಕ್ರ ತುಂಬಾ ಮೇಲೆ ಕೆಳಗೆ ಆಡಬೇಕು. ಹಾಗೆ ಆಡಲಿಕ್ಕೆ ಸಸ್ಪೆನ್ಷನ್ನಿನ ತೋಳು ಉದ್ದ ಮಾಡುತ್ತಾರೆ. ತೋಳು ಉದ್ದವಾದರೆ ಟೈರು ಹೊರಗೆ ಬರುತ್ತದೆ, ಮೇಲೆದ್ದಾಗ ಕಂಪನಿಯ ತಗಡಿಗೆ ಉಜ್ಜುತ್ತದೆ. ಆದ್ದರಿಂದ ಎತ್ತರಿಸಿದ, ಅಗಲ ಮಾಡಿದ ಫೈಬರ್ ಮಡ್‌ಗಾರ್ಡ್ ಬೇಕಾಯಿತು.

ಅಲ್ಲಿ ಅದು ಶೋಕಿಯಲ್ಲ, ಅಗತ್ಯ. ಒಡೆದರೆ ಇನ್ನೊಂದು ಹಾಕುತ್ತಾರೆ, ದೊಡ್ಡ ತಂಡಗಳಿಗೆ ದುಡ್ಡು ಹಾಕಲು ಕಂಪನಿಗಳಿವೆ. ದೊಡ್ಡ ರೇಸ್ ಟ್ರಕ್ಕುಗಳಲ್ಲಿ ಫೈಬರ್ ಬರೀ ಅಂಗಿ. ಒಳಗೆ ಕಬ್ಬಿಣದ ಪೈಪಿನ ಬಲವಾದ ಗೂಡು ಇರುತ್ತದೆ.

ನಮ್ಮ ಪಿಕಪ್‌ನಲ್ಲಿ ಏನಿದೆ? ಹಿಂದೆ ಲೋಡಿಗೆ ಮಾಡಿದ ಅದೇ ಪ್ಲೇಟು, ಅದೇ ಆಕ್ಸಲ್. ಚಕ್ರ ಮೊದಲು ಎಷ್ಟು ಆಡುತ್ತಿತ್ತೋ ಅಷ್ಟೇ ಆಡುತ್ತದೆ. ಹಾಗಾದರೆ ಅಗಲದ ಮಡ್‌ಗಾರ್ಡ್ ಯಾಕೆ? ದಪ್ಪ ಟೈರು ಮುಚ್ಚಲು. ದಪ್ಪ ಟೈರು ಯಾಕೆ? ಅಗಲದ ಮಡ್‌ಗಾರ್ಡ್ ತುಂಬಲು. ಟೈರಿಗಾಗಿ ಮಡ್‌ಗಾರ್ಡು, ಮಡ್‌ಗಾರ್ಡಿಗಾಗಿ ಟೈರು. ನಡುವೆ ಖಾಲಿಯಾಗುವುದು ನಮ್ಮ ಜೇಬು.

ಕೂರಿಸುವಾಗ ಆಗುವುದೇನು?

ಕಂಪನಿಯ ಮಡ್‌ಗಾರ್ಡ್ ಅಚ್ಚಿನಲ್ಲಿ ಒತ್ತಿ ಬಂದದ್ದು, ಅದರ ತೂತಿಗೂ ಬಾಡಿಯ ತೂತಿಗೂ ತಾಳೆ ಇರುತ್ತದೆ. ಫೈಬರಿನದು ಹೆಚ್ಚಾಗಿ ಕೈಯಲ್ಲಿ ಹಚ್ಚಿ ಮಾಡಿದ್ದು. ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ಬಾನೆಟ್ ಹತ್ತಿರ ಸಂದು, ಹೆಡ್‌ಲೈಟ್ ಹತ್ತಿರ ಒತ್ತು. ಕೂರದಿದ್ದರೆ ಉಜ್ಜು, ಕೊರೆ, ಎಳೆದು ಬೋಲ್ಟ್ ಹಾಕು. ಎಳೆದು ಬಿಗಿದರೆ ಬೋಲ್ಟಿನ ಸುತ್ತ ಕೂದಲೆಳೆಯಂಥ ಬಿರುಕು ಬರುತ್ತದೆ. ಕಚ್ಚಾ ರಸ್ತೆಯ ಅದುರಿಗೆ ಆ ಬಿರುಕು ಓಡುತ್ತದೆ.

ಒಳಗಿನ ಕಪ್ಪು ಪ್ಲಾಸ್ಟಿಕ್ ಲೈನರ್ ಕಥೆ ಬೇರೆ. ಹೊಸ ಆಕಾರಕ್ಕೆ ಅದು ಕೂರುವುದಿಲ್ಲ ಎಂದು ಬಿಚ್ಚಿ ಬಿಸಾಡುತ್ತಾರೆ. ಟೈರು ಎರಚುವ ಕೆಸರು ಎಂಜಿನ್ ಕಡೆಗೂ ವೈರಿಂಗ್ ಕಡೆಗೂ ಹೋಗದಂತೆ ತಡೆಯುತ್ತಿದ್ದದ್ದು ಅದೇ. ಮಲೆನಾಡಿನ ಜುಲೈ ಮಳೆಯಲ್ಲಿ ಲೈನರ್ ಇಲ್ಲದ ಗಾಡಿ ಓಡಿಸಿ ನೋಡಿ. ಕನೆಕ್ಟರಿಗೆ ಕಿಲುಬು ಹಿಡಿಯುತ್ತದೆ, ಲೈಟು ಮಿಣುಕುತ್ತದೆ, ಮೆಕ್ಯಾನಿಕ್ ಮನೆಗೆ ದಾರಿ ಸವೆಯುತ್ತದೆ.

ಇನ್ನು ಹಿಂದುಗಡೆ. ಅಲ್ಲಿ ಬಾಡಿಯ ತಗಡನ್ನೇ ಕತ್ತರಿಸಬೇಕಾಗುತ್ತದೆ. ಕತ್ತರಿಸಿದ ಅಂಚಿಗೆ ಸರಿಯಾಗಿ ಪ್ರೈಮರ್ ಹಚ್ಚದಿದ್ದರೆ ಅಲ್ಲಿಂದಲೇ ತುಕ್ಕು ಶುರು. ಮೇಲೆ ಫೈಬರ್ ಮುಚ್ಚಿರುವುದರಿಂದ ಅದು ಕಣ್ಣಿಗೂ ಬೀಳುವುದಿಲ್ಲ. ತುಕ್ಕು ಹಿಡಿಯಲ್ಲ ಎಂದು ಫೈಬರ್ ಹಾಕಿಸಿದವನ ಗಾಡಿ ಒಳಗಿನಿಂದ ತುಕ್ಕು ತಿನ್ನುತ್ತದೆ.

ತಗಡಿಗೆ ಹೊಡೆತ ಬಿದ್ದರೆ ನೆಗ್ಗುತ್ತದೆ, ಟಿಂಕರಿಂಗ್‌ನವರು ಬಡಿದು ಸರಿ ಮಾಡುತ್ತಾರೆ. ಫೈಬರ್‌ಗೆ ಜೋರಾಗಿ ಬಿದ್ದರೆ ಸೀಳುತ್ತದೆ, ಸೀಳಿದ ಅಂಚು ಚೂಪು. ಪಕ್ಕದಲ್ಲಿ ಹೋಗುವ ಬೈಕಿನವನ ಕಾಲಿಗೆ ಅದು ತಾಗಬಾರದು, ಅಷ್ಟೇ.

'ಹಗುರ ಅಲ್ವಾ ಸಾರ್' ಎನ್ನುತ್ತಾರೆ. ಹೌದು, ಹಗುರ. ಆದರೆ ಉಳಿಯುವುದು ಕೆಲವೇ ಕೆಜಿ. ಒಂದು ಶುಂಠಿ ಮೂಟೆಯೇ 60 ಕೆಜಿ. ದಪ್ಪ ಟೈರಿನ ಭಾರ ಸೇರಿಸಿದರೆ ಉಳಿದದ್ದೂ ಹೋಯಿತು. ಟೈರು ಹೊರಗೆ ಬಂದಷ್ಟೂ ಚಕ್ರದ ಬೇರಿಂಗ್ ಮೇಲೆ ಒತ್ತಡ ಹೆಚ್ಚು, ಸ್ಟೇರಿಂಗ್ ಭಾರ, ಮೈಲೇಜ್ ಇಳಿಕೆ.

ಕಾನೂನು ಯಾರನ್ನು ಹಿಡಿಯುತ್ತದೆ?

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. ಆರ್‌ಸಿಯಲ್ಲಿರುವ ವಿವರ, ತಯಾರಿಸಿದ ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಮಾಲೀಕ ಗಾಡಿ ಬದಲಿಸಬಾರದು ಎನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಸೆಕ್ಷನ್ ಹೊಸ ರೂಪ ಪಡೆಯಿತು. ನಿಯಮಕ್ಕೆ ವಿರುದ್ಧವಾಗಿ ಗಾಡಿ ಬದಲಿಸಿದ ಮಾಲೀಕನಿಗೆ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ 6 ತಿಂಗಳವರೆಗೆ ಜೈಲು, ಅಥವಾ ಎರಡೂ.

ಹಳದಿ ಬೋರ್ಡಿನ ಗಾಡಿಯಾದರೆ ಎಫ್‌ಸಿ ಬೇರೆ. ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ. ಹಳೆಯ ಮಡ್‌ಗಾರ್ಡ್ ಅಟ್ಟದಲ್ಲಿ ಇಟ್ಟುಕೊಂಡು, ಎಫ್‌ಸಿ ದಿನ ಅದನ್ನು ಕೂರಿಸಿ, ಮರುದಿನ ಮತ್ತೆ ಫೈಬರ್ ಹಾಕುವ ಜಾಣರೂ ಇದ್ದಾರೆ. ಕತ್ತರಿಸಿಬಿಟ್ಟವರಿಗೆ ಆ ಜಾಣತನಕ್ಕೂ ದಾರಿಯಿಲ್ಲ. ವಿಮೆ ಕಂಪನಿಗೆ ತಿಳಿಸದೆ ಮಾಡಿದ ಬದಲಾವಣೆ ಕ್ಲೇಮ್ ದಿನ ತಕರಾರಿಗೆ ಸಿಕ್ಕ ನೆಪ.

ಆ ದಿನ ಅಂಗಡಿಯವರು ಬರುತ್ತಾರೆಯೇ? ರೀಲ್ಸ್ ಮಾಡಿದವರು ಬರುತ್ತಾರೆಯೇ? ಆರ್‌ಸಿಯಲ್ಲಿ ಹೆಸರಿರುವವರು ಮಾತ್ರ ಕೈಕಟ್ಟಿ ನಿಲ್ಲಬೇಕು.

ಗ್ರೈಂಡರ್ ಹಿಡಿದ ಹುಡುಗ

ಯಾರೂ ಮಾತಾಡದ ವಿಷಯ ಇನ್ನೊಂದಿದೆ. ಫೈಬರ್ ಎಂದರೆ ಗಾಜಿನ ಎಳೆಯ ಚಾಪೆಗೆ ರೆಸಿನ್ ಹಚ್ಚಿ ಗಟ್ಟಿ ಮಾಡಿದ್ದು. ಅದನ್ನು ಉಜ್ಜಿದಾಗ ಏಳುವುದು ಗಾಜಿನ ಧೂಳು. ಚರ್ಮ ಕೆರೆಯುತ್ತದೆ, ಕಣ್ಣು ಉರಿಯುತ್ತದೆ, ಗಂಟಲು ಕಟ್ಟುತ್ತದೆ. ರೆಸಿನ್‌ನಲ್ಲಿರುವ ಸ್ಟೈರೀನ್ ಬಹುಶಃ ಕ್ಯಾನ್ಸರ್ ತರುವಂಥದ್ದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಹೇಳಿದೆ. ಹಾರ್ಡನರ್ ಒಂದು ಹನಿ ಕಣ್ಣಿಗೆ ಬಿದ್ದರೂ ಕಣ್ಣಿಗೆ ಕುತ್ತು. ಇದನ್ನೆಲ್ಲ ತಗಡಿನ ಶೆಡ್ಡಿನಲ್ಲಿ, ಮೂಗಿಗೆ ಕರ್ಚೀಫು ಕಟ್ಟಿಕೊಂಡು ಮಾಡುವವರು ಯಾರು? ನಮ್ಮ ನಿಮ್ಮ ಊರಿನ ಹುಡುಗರೇ. ಕರ್ಚೀಫು ಆ ಧೂಳನ್ನು ತಡೆಯುವುದಿಲ್ಲ. ನಮ್ಮ ಶೋಕಿಗೆ ಅವರ ಉಸಿರು ಸವೆಯುವುದು ಯಾವ ನ್ಯಾಯ?

'ನನ್ನ ಗಾಡಿ, ನನ್ನ ದುಡ್ಡು'

ಸರಿ ಅಣ್ಣ, ಗಾಡಿ ನಿಮ್ಮದೇ. ರಸ್ತೆ? ತೋಟದ ರಸ್ತೆಯಲ್ಲಿ ಎದುರಿಗೆ ಬಸ್ಸು ಬಂದರೆ ಗೇಣು ಜಾಗವೂ ಲೆಕ್ಕಕ್ಕೆ ಬರುತ್ತದೆ. ಮಡ್‌ಗಾರ್ಡ್ ಇರುವುದೇ ಹಿಂದೆ ಬರುವವರ ಮೇಲೆ ಕೆಸರು, ಕಲ್ಲು ಹಾರದಿರಲಿ ಎಂದು. ಎತ್ತರಿಸಿ ಬಿಟ್ಟ ರೇಸ್ ಮಡ್‌ಗಾರ್ಡಿನಡಿಯಿಂದ ಹಾರುವ ಕಲ್ಲು ಶಾಲೆಗೆ ನಡೆದು ಹೋಗುವ ಮಕ್ಕಳ ಮೇಲೆ ಬೀಳುತ್ತದೆ. ಮರುಭೂಮಿಯಲ್ಲಿ ಹಿಂದೆ ಯಾರೂ ಯೂನಿಫಾರಂ ಹಾಕಿಕೊಂಡು ನಡೆಯುವುದಿಲ್ಲ.

ಫೈಬರ್ ಬೇಡವೇ ಬೇಡ ಎನ್ನುತ್ತಿಲ್ಲ. ಹಳೆಯ ಜೀಪಿನ ತಗಡು ಕೊಳೆತಿದೆ, ಕಂಪನಿ ಸಾಮಾನು ಸಿಗುತ್ತಿಲ್ಲ ಎಂದಾದರೆ ಅದೇ ಅಳತೆ, ಅದೇ ಆಕಾರದ ಫೈಬರ್ ತುಂಡು ಹಾಕಿಸುವುದು ಬೇರೆ ಮಾತು. ಏನನ್ನೂ ಕತ್ತರಿಸಬೇಡಿ. ಬೋಲ್ಟಿಗೆ ಅಗಲದ ವಾಷರ್ ಕೊಡಿ. ಲೈನರ್ ಉಳಿಸಿಕೊಳ್ಳಿ. ಆರ್‌ಟಿಒದಲ್ಲಿ ಮೊದಲೇ ಕೇಳಿ.

ನಮ್ಮ ಬೇಡಿಕೆ ಎರಡೇ. ಆರ್‌ಟಿಒ ಕಚೇರಿಯ ಗೋಡೆ ಮೇಲೆ, ಗಾಡಿಗೆ ಏನು ಹಾಕಬಹುದು, ಯಾವುದಕ್ಕೆ ಅನುಮತಿ ಬೇಕು, ಯಾವುದು ಕೂಡದು ಎಂದು ಕನ್ನಡದಲ್ಲಿ ಬೋರ್ಡ್ ಹಾಕಲಿ. ದಂಡ ಹಾಕಲು ರಸ್ತೆಯಲ್ಲಿ ಕಾಯುವವರು ತಿಳಿಹೇಳಲು ಕಚೇರಿಯಲ್ಲಾದರೂ ಸಿಗಲಿ. ಇನ್ನು ಫಿಟ್ ಮಾಡುವ ಅಂಗಡಿಗಳು ಎಫ್‌ಸಿ ಆಗುತ್ತದೋ ಇಲ್ಲವೋ ಎಂದು ಬಿಲ್ಲಿನಲ್ಲೇ ಬರೆದು ಕೊಡಲಿ.

ಬರೆದು ಕೊಡಿ ಎಂದು ನೀವೇ ಕೇಳಿ ನೋಡಿ. ಪೆನ್ನು ಹಿಡಿಯಲು ಹಿಂಜರಿದರೆ ಗಾಡಿ ಸ್ಟಾರ್ಟ್ ಮಾಡಿ, ನೇರ ಮನೆಗೆ ಬನ್ನಿ. ಆ ದುಡ್ಡಿನಲ್ಲಿ ಒಂದು ಕಂತು ಕಟ್ಟಿ.