ಕಾಫಿ ತಿಂಡಿಯಲ್ಲ, ಅಮ್ಮಾ!

ಬೆಳಗ್ಗೆ ಎಂಟೂಕಾಲಿಗೆ ನಾನು ಹೆಬ್ಬಾಳ ಫ್ಲೈಓವರ್ ಹತ್ತಿರ ಸಿಕ್ಕಿಹಾಕಿಕೊಂಡಿರುತ್ತೇನೆ. ದಿನಾ ಅಲ್ಲಿಂದಲೇ ಮನೆಗೊಂದು ಫೋನು.

"ಅಮ್ಮಾ, ಮಾತ್ರೆ ತಗೊಂಡ್ಯಾ?"

"ಹೂಂ ಕಣೇ, ಆಗ್ಲೇ ತಗೊಂಡೆ."

ಎರಡು ತಿಂಗಳು ಈ ಉತ್ತರ ಕೇಳಿ ನೆಮ್ಮದಿಯಾಗಿದ್ದೆ. ನಾನು ಕೇಳಬೇಕಾಗಿದ್ದ ಪ್ರಶ್ನೆಯೇ ಬೇರೆ ಅಂತ ಗೊತ್ತಾಗಿದ್ದು ಅಮ್ಮ ಆಸ್ಪತ್ರೆ ಸೇರಿದ ಮೇಲೆ.

ಅಮ್ಮನಿಗೆ ರುಮಟಾಯ್ಡ್ ಸಂಧಿವಾತ. ಕೈಬೆರಳ ಗೆಣ್ಣುಗಳೆಲ್ಲ ಊದಿಕೊಂಡು, ಬೆಳಗ್ಗೆ ಹಾಲಿನ ಪ್ಯಾಕೆಟ್ ಕತ್ತರಿಸೋಕೂ ಆಗುತ್ತಿರಲಿಲ್ಲ. ತಿಪಟೂರಿನಿಂದ ಯಲಹಂಕಕ್ಕೆ ನನ್ನ ಮನೆಗೆ ಕರಕೊಂಡು ಬಂದೆ. ಡಾಕ್ಟರು ಬೇರೆ ಔಷಧಿಗಳ ಜೊತೆಗೆ ದಿನಕ್ಕೆ 10 ಮಿಲಿಗ್ರಾಂ ಪ್ರೆಡ್ನಿಸೋಲೋನ್ ಬರೆದರು. ಮೆಡಿಕಲ್ ಶಾಪಿನಲ್ಲಿ ವೈಸೋಲೋನ್, ಓಮ್ನಾಕಾರ್ಟಿಲ್ ಅಂತೆಲ್ಲ ಸಿಗುವುದು ಇದೇ ಸ್ಟೆರಾಯ್ಡ್. ಚೀಟಿಯಲ್ಲಿ 1-0-0, ತಿಂಡಿ ಆದಮೇಲೆ ಅಂತ ಇತ್ತು.

ವಾರದೊಳಗೆ ಅಮ್ಮ ಚಪಾತಿ ಲಟ್ಟಿಸತೊಡಗಿದಳು. ಪವಾಡ ಅನ್ನಿಸಿತು. ಹಾಗನ್ನಿಸಿದ್ದು ನನಗೊಬ್ಬಳಿಗೇ ಅಲ್ಲ. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಡಾ. ಫಿಲಿಪ್ ಹೆಂಚ್ ಇದೇ ಕಾಯಿಲೆಯ ಮಹಿಳೆಯೊಬ್ಬರಿಗೆ ಕಾರ್ಟಿಸೋನ್ ಕೊಟ್ಟಾಗ, ನಡೆಯಲಾರದೆ ಇದ್ದವರು ಕೆಲವೇ ದಿನಗಳಲ್ಲಿ ಎದ್ದು ಓಡಾಡಿದ್ದರು. ಆ ಸಂಶೋಧನೆಗೆ 1950ರಲ್ಲಿ ನೊಬೆಲ್ ಬಂತು.

ನಮ್ಮ ಮನೆಯಲ್ಲಿ ಆಗುತ್ತಿದ್ದದ್ದು ಇಷ್ಟು. ಅಮ್ಮ ಏಳೋದು ಐದೂವರೆಗೆ. ಆರಕ್ಕೆ ಫಿಲ್ಟರ್ ಕಾಫಿ, ಅದರ ಜೊತೆಗೇ ಮಾತ್ರೆ. ಸ್ನಾನ, ಪೂಜೆ ಮುಗಿದು ಹೊಟ್ಟೆಗೆ ತಿಂಡಿ ಬೀಳೋದು ಹತ್ತೂವರೆಗೆ. "ಕಾಫಿ ಕುಡ್ದಿರ್ತೀನಲ್ಲ, ಖಾಲಿ ಹೊಟ್ಟೆ ಹೆಂಗಾಗುತ್ತೆ?" ಅನ್ನೋದು ಅವಳ ಲೆಕ್ಕ. ಹೊಟ್ಟೆ ಉರಿ ಶುರುವಾಯ್ತು. ಹಸಿಮೆಣಸಿನಕಾಯಿಯನ್ನು ಬೈದು ಸುಮ್ಮನಾದಳು. ಡಿಸೆಂಬರ್ ಚಳಿಗೆ ಮಂಡಿ ನೋವು ಹೆಚ್ಚಾದಾಗ, ಡಬ್ಬಿಯಲ್ಲಿ ಉಳಿದಿದ್ದ ಡೈಕ್ಲೋಫೆನಾಕ್ ನೋವಿನ ಮಾತ್ರೆಯನ್ನೂ ನನಗೆ ಹೇಳದೆ ನುಂಗುತ್ತಿದ್ದಳು.

ಆಮೇಲೆ ಸಂಕಷ್ಟಿ ಬಂತು. ದಿನಾ ಕಾಫಿಯನ್ನೇ ತಿಂಡಿ ಅಂದುಕೊಂಡವಳಿಗೆ ಅವತ್ತು ಮಾತ್ರ ಚೀಟಿ ನೆನಪಾಯ್ತು. ಚಂದ್ರ ಕಾಣೋವರೆಗೂ ಉಪವಾಸ, ಹಾಗಾಗಿ ಮಾತ್ರೆಯೂ ಇಲ್ಲ. ಆ ದಿನ ಹೊಟ್ಟೆ ತಣ್ಣಗಿತ್ತಂತೆ. ಇದೇ ಚೆನ್ನಾಗಿದೆ ಅಂತ ಮುಂದಿನ ಮೂರು ದಿನವೂ ಮಾತ್ರೆ ಬಿಟ್ಟಳು. ಫೋನಿನಲ್ಲಿ "ಹೂಂ" ಮಾತ್ರ ತಪ್ಪಲಿಲ್ಲ. ಟ್ರಾಫಿಕ್‌ನಲ್ಲಿ ಇರೋಳಿಗೆ ಯಾಕೆ ಗಾಬರಿ ಮಾಡ್ಲಿ ಅಂತ.

ಐದನೇ ದಿನ ಬಚ್ಚಲುಮನೆ ಬಾಗಿಲಲ್ಲಿ ಕುಸಿದು ಕೂತಿದ್ದಳು. ವಾಂತಿ, ತಲೆಸುತ್ತು, ಎದ್ದು ನಿಲ್ಲೋಕೆ ಶಕ್ತಿಯಿಲ್ಲ. ಆಸ್ಪತ್ರೆಯಲ್ಲಿ ನೋಡಿದರೆ ಬಿಪಿ ತೀರಾ ಕೆಳಗಿಳಿದಿತ್ತು. ಡಾಕ್ಟರು ಕೇಳಿದ್ದು ಮೂರೇ ಪ್ರಶ್ನೆ: ಸ್ಟೆರಾಯ್ಡ್ ಎಷ್ಟು ಗಂಟೆಗೆ ತಗೋತಿದ್ರು? ಏನು ತಿಂದು? ಬಿಟ್ಟು ಎಷ್ಟು ದಿನ ಆಯ್ತು? ಒಂದಕ್ಕೂ ನನ್ನ ಹತ್ತಿರ ಉತ್ತರವಿರಲಿಲ್ಲ. ಮಾತ್ರೆಯ ಪಟ್ಟಿ ಖಾಲಿಯಾದಾಗ ಹೊಸದು ತಂದಿಡೋದನ್ನೇ ನಾನು ನೋಡಿಕೊಳ್ಳುವುದು ಅಂದುಕೊಂಡಿದ್ದೆ.

ಅಮ್ಮ ಚೇತರಿಸಿಕೊಂಡ ಮೇಲೆ ಡಾಕ್ಟರು ಸಾವಧಾನವಾಗಿ ಹೇಳಿದರು. ಮೂತ್ರಪಿಂಡಗಳ ಮೇಲೆ ಟೋಪಿ ಇಟ್ಟ ಹಾಗೆ ಅಡ್ರಿನಲ್ ಗ್ರಂಥಿಗಳಿವೆ. ದೇಹಕ್ಕೆ ಬೇಕಾದ ಕಾರ್ಟಿಸಾಲನ್ನು ಅವೇ ಮಾಡುತ್ತವೆ, ಬೆಳಗಿನ ಹೊತ್ತು ಹೆಚ್ಚು. ಅದಕ್ಕೇ ಮಾತ್ರೆಯೂ ಬೆಳಗ್ಗೆ. ರಾತ್ರಿ ತಗೊಂಡರೆ ನಿದ್ದೆ ಕೆಡಬಹುದು. ವಾರಗಟ್ಟಲೆ ಹೊರಗಿನಿಂದ ಸ್ಟೆರಾಯ್ಡ್ ಸಿಕ್ಕರೆ ಗ್ರಂಥಿಗಳು ಕೆಲಸ ಕಡಿಮೆ ಮಾಡಿಬಿಡುತ್ತವೆ. ಥಟ್ಟನೆ ಮಾತ್ರೆ ನಿಲ್ಲಿಸಿದರೆ ಒಳಗಿನದೂ ಇಲ್ಲ, ಹೊರಗಿನದೂ ಇಲ್ಲ. ಆದ್ದರಿಂದ ಡೋಸನ್ನು ಮೆಟ್ಟಿಲು ಇಳಿಸಿದ ಹಾಗೆ ಡಾಕ್ಟರೇ ಇಳಿಸಬೇಕು.

ತಿಂಡಿ ಆದಮೇಲೆ ಅನ್ನೋದು ಹೊಟ್ಟೆಯ ಉರಿ ಕಡಿಮೆಯಾಗಲಿ ಅಂತ. ಹಾಗಂತ ತಿಂಡಿ ಎಲ್ಲ ತೊಂದರೆಗೂ ತಡೆಗೋಡೆಯಲ್ಲ. ಸ್ಟೆರಾಯ್ಡ್ ಜೊತೆ ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ಸೇರಿದರೆ ಹುಣ್ಣು, ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಎರಡು ಇಡ್ಲಿ ಅದನ್ನು ತಪ್ಪಿಸೋದಿಲ್ಲ. ಹೊಟ್ಟೆ ಉರಿದರೆ ಡಾಕ್ಟರಿಗೆ ಹೇಳಿ, ಹೊಟ್ಟೆಗೆ ರಕ್ಷಣೆಯ ಮಾತ್ರೆ ಬೇಕಾ ಅಂತ ಕೇಳಿ. ಮಲ ಡಾಂಬರಿನ ಹಾಗೆ ಕಪ್ಪಗಾದರೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.

ಇದು ಬರೀ ಅಮ್ಮಂದಿರ ವಿಷಯ ಅಂದುಕೊಳ್ಳಬೇಡಿ. ಯಲಹಂಕದ ಚಳಿಗೆ ಉಬ್ಬಸ ಜೋರಾಗಿ, ಐದು ದಿನದ ಸ್ಟೆರಾಯ್ಡ್ ಕೋರ್ಸ್ ತಗೊಂಡವರು ನನ್ನ ಟೀಮಿನಲ್ಲೇ ಇದ್ದಾರೆ. ಅಂಥ ಚಿಕ್ಕ ಕೋರ್ಸನ್ನು ಸಾಮಾನ್ಯವಾಗಿ ಮೆಟ್ಟಿಲು ಇಳಿಸಬೇಕಿಲ್ಲ, ಆದರೆ ಹೇಳಿದಷ್ಟು ದಿನ ಮುಗಿಸಬೇಕು. ಮಧ್ಯಾಹ್ನದವರೆಗೆ ಬ್ಲ್ಯಾಕ್ ಕಾಫಿಯಲ್ಲೇ ಇರುವ ಹದಿನಾರು ಗಂಟೆ ಉಪವಾಸದವರು ಅಷ್ಟು ದಿನ ಅದಕ್ಕೆ ರಜೆ ಕೊಡಿ. ನೈಟ್ ಶಿಫ್ಟ್ ಇದ್ದರೆ ಮಾತ್ರೆ ಎಷ್ಟು ಹೊತ್ತಿಗೆ ಅಂತ ಡಾಕ್ಟರನ್ನೇ ಕೇಳಿ. ಸಕ್ಕರೆ ಕಾಯಿಲೆ ಇರುವವರು ಇನ್ನೊಂದು ಗಮನಿಸಿ: ಬೆಳಗ್ಗೆ ತಗೊಂಡ ಸ್ಟೆರಾಯ್ಡ್ ಸಕ್ಕರೆ ಏರಿಸೋದು ಹೆಚ್ಚಾಗಿ ಮಧ್ಯಾಹ್ನ, ಸಂಜೆ ಹೊತ್ತಿಗೆ. ಬೆಳಗಿನ ಖಾಲಿ ಹೊಟ್ಟೆಯ ರೀಡಿಂಗ್ ಚೆನ್ನಾಗಿದೆ ಅಂತ ಮೋಸ ಹೋಗಬೇಡಿ.

ಈಗ ನಮ್ಮನೆಯಲ್ಲಿ ಕಾಫಿ ಆರಕ್ಕೇ, ತಿಂಡಿ ಎಂಟಕ್ಕೆ, ಮಾತ್ರೆ ಅದರ ಹಿಂದೆಯೇ. ಇಡ್ಲಿ, ಉಪ್ಪಿಟ್ಟು, ಒಂದೊಂದು ದಿನ ರಾಗಿ ರೊಟ್ಟಿ. ಸ್ಟೆರಾಯ್ಡ್ ತಿಂಗಳುಗಟ್ಟಲೆ ನಡೆದರೆ ಮೂಳೆ ಸವೆಯುತ್ತದೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮೀರಿ ಕ್ಯಾಲ್ಸಿಯಂ ಇದೆ ಅಂದಾಗ ಅಮ್ಮ, "ಇದನ್ನ ಹೇಳೋಕೆ ಬೆಂಗಳೂರು ಡಾಕ್ಟರು ಬೇಕಿತ್ತಾ?" ಅಂದಳು. ಉಪ್ಪಿನಕಾಯಿ ಜಾಡಿ ಮಾತ್ರ ಮೇಲಿನ ಶೆಲ್ಫಿಗೆ ಹೋಗಿದೆ. ಉಪ್ಪು ಜಾಸ್ತಿಯಾದರೆ ಬಿಪಿ, ಬಾವು.

ಸಂಕಷ್ಟಿಯದೇ ದೊಡ್ಡ ಚರ್ಚೆ ಆಯ್ತು. ಕೊನೆಗೆ ಅವಳೇ ತೀರ್ಪು ಕೊಟ್ಟಳು. ಬೆಳಗ್ಗೆ ಮೊಸರವಲಕ್ಕಿ ತಿಂದು ಮಾತ್ರೆ, ಅನ್ನ ಮಾತ್ರ ಚಂದ್ರ ಕಂಡ ಮೇಲೆ. "ಊಟ ಅಂದ್ರೆ ಗಣಪತಿಗೂ ಇಷ್ಟಾನೇ ಕಣೇ, ಬೇಜಾರು ಮಾಡ್ಕೊಳ್ಳಲ್ಲ."

ಹೆಬ್ಬಾಳದಲ್ಲಿ ಟ್ರಾಫಿಕ್ ಹಾಗೇ ಇದೆ, ನನ್ನ ಫೋನೂ ತಪ್ಪಿಲ್ಲ. ಪ್ರಶ್ನೆ ಮಾತ್ರ ಬದಲಾಗಿದೆ.

"ಅಮ್ಮಾ, ಏನು ತಿಂದೆ?"

"ಎರಡು ಇಡ್ಲಿ, ಕಾಯಿ ಚಟ್ನಿ. ಮಾತ್ರೆ ಈಗ ಕೈಯಲ್ಲಿದೆ. ನೀನು ತಿಂದ್ಯಾ?"

ನಾನಿನ್ನೂ ಕಾಫಿಯಲ್ಲೇ ಇದ್ದೆ. "ಹೂಂ" ಅಂದೆ.