ಚದುರಂಗದ ನಡೆಗಳೂ ನಾಮಕರಣದ ನ್ಯಾಯವೂ

ಚದುರಂಗದ ಯಾವ ಪಠ್ಯಗ್ರಂಥವನ್ನು ತೆರೆದರೂ 'ಇಂಡಿಯನ್' ಎಂಬ ಪದ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಕಿಂಗ್ಸ್ ಇಂಡಿಯನ್, ಕ್ವೀನ್ಸ್ ಇಂಡಿಯನ್, ನಿಮ್ಜೊ-ಇಂಡಿಯನ್, ಬೋಗೊ-ಇಂಡಿಯನ್—ಇವೆಲ್ಲವೂ ಆಟದ ಆರಂಭದ ಕೆಲವು ನಡೆಗಳ ಕ್ರಮಗಳಿಗೆ ಇಟ್ಟಿರುವ ಹೆಸರುಗಳು. ಚದುರಂಗ ಭಾರತದಲ್ಲಿ ಹುಟ್ಟಿದ ಆಟವಾದುದರಿಂದ ಈ ಹೆಸರು ಬಂದಿರಬೇಕೆಂದು ವಿದ್ಯಾರ್ಥಿಗಳು ಊಹಿಸುವುದು ಸಹಜ. ಆದರೆ ವಸ್ತುಸ್ಥಿತಿ ಹಾಗಿಲ್ಲ. ಈ ಹೆಸರಿನ ಮೂಲದಲ್ಲಿ ಇರುವವನು ಒಬ್ಬ ಆಟಗಾರ: ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಕಲ್ಕತ್ತೆಯಲ್ಲಿ ಆಡುತ್ತಿದ್ದ ಮಹೇಶಚಂದ್ರ ಬ್ಯಾನರ್ಜಿ. ಅವನ ಹೆಸರನ್ನು ಇಂದು ಬಲ್ಲವರು ವಿರಳ.

ಅವನ ಎದುರಾಳಿ ಸ್ಕಾಟ್ಲೆಂಡಿನ ಜಾನ್ ಕಾಕ್ರೇನ್ (1798–1878). ವೃತ್ತಿಯಲ್ಲಿ ಬ್ಯಾರಿಸ್ಟರ್, 1822ರಲ್ಲಿಯೇ ಚದುರಂಗವನ್ನು ಕುರಿತು ಗ್ರಂಥವೊಂದನ್ನು ಬರೆದಿದ್ದವನು. ಕಲ್ಕತ್ತೆಯಲ್ಲಿ ಇವರಿಬ್ಬರೂ ಅನೇಕ ಆಟಗಳನ್ನು ಆಡಿದರು. ಮಹೇಶಚಂದ್ರನು ಭಾರತೀಯ ನಿಯಮಗಳ ಚದುರಂಗದಲ್ಲಿ ಪಳಗಿದವನು. ಆ ಆಟದಲ್ಲಿ ಸಾಮಾನ್ಯವಾಗಿ ಕಾಲಾಳು ತನ್ನ ಮೊದಲ ನಡೆಯಲ್ಲಿಯೂ ಒಂದೇ ಮನೆ ಮುಂದುವರಿಯಬೇಕು. ಯುರೋಪಿನ ಆಟದಲ್ಲಿರುವಂತೆ ಎರಡು ಮನೆ ಹಾರುವಂತಿಲ್ಲ. ಇಂತಹ ಆಟದಲ್ಲಿ ಬೆಳೆದವನಿಗೆ ಕಾಲಾಳುಗಳನ್ನು ಮೆಲ್ಲನೆ ನಡೆಸಿ, ಒಂಟೆಯನ್ನು ಪಕ್ಕದಲ್ಲಿ ನೆಲೆಗೊಳಿಸಿ, ಅಲ್ಲಿಂದ ಹಲಗೆಯ ಉದ್ದಕ್ಕೂ ಓರೆಯಾಗಿ ದೃಷ್ಟಿಯಿಡುವ ಕ್ರಮವು ಸ್ವಾಭಾವಿಕವಾಗಿ ತೋರಿದ್ದರೆ ಆಶ್ಚರ್ಯವಿಲ್ಲ. ಅಂದಿನ ಯುರೋಪಿನ ಆಟಗಾರರಾದರೋ ಕಾಲಾಳುಗಳಿಂದ ಹಲಗೆಯ ಮಧ್ಯಭಾಗವನ್ನು ಕೂಡಲೇ ಆಕ್ರಮಿಸುವುದೇ ಸರಿಯೆಂದು ನಂಬಿದ್ದರು.

1855ರ ಒಂದು ಆಟದಲ್ಲಿ ಕರಿಯ ಕಾಯಿಗಳನ್ನು ಹಿಡಿದ ಮಹೇಶಚಂದ್ರನು ಮೊದಲು ಕುದುರೆಯನ್ನು ಹೊರತಂದನು. ಒಂಟೆಗೆ ದಾರಿಮಾಡಲು ಅಂಚಿನ ಸಮೀಪದ ಕಾಲಾಳನ್ನು ಒಂದು ಮನೆ ಸರಿಸಿದನು. ಮೂರನೆಯ ನಡೆಯಲ್ಲಿ ಮಂತ್ರಿಯ ಮುಂದಿನ ಕಾಲಾಳನ್ನು ಎರಡು ಮನೆ ನೂಕಿ ಬಿಳಿಯ ಮಧ್ಯಭಾಗಕ್ಕೆ ಸವಾಲೆಸೆದನು. ಈ ಕ್ರಮಕ್ಕೆ ಇಂದು 'ಗ್ರ್ಯೂನ್‌ಫೆಲ್ಡ್ ಡಿಫೆನ್ಸ್' ಎಂದು ಹೆಸರು. ವಿಯೆನ್ನಾದ ಅರ್ನ್‌ಸ್ಟ್ ಗ್ರ್ಯೂನ್‌ಫೆಲ್ಡನು ಇದನ್ನು ಬಳಕೆಗೆ ತಂದುದು 1922ರಲ್ಲಿ, ಅಂದರೆ 67 ವರ್ಷಗಳ ಅನಂತರ!

ಹಾಗಾದರೆ ಈ ಹೆಸರು ಅನ್ಯಾಯದ್ದೇ? ನನಗೆ ಹಾಗೆ ತೋರುವುದಿಲ್ಲ. 1855ರ ಆ ಆಟದಲ್ಲಿ ಮಹೇಶಚಂದ್ರನು ಸೋತನು. ಗ್ರ್ಯೂನ್‌ಫೆಲ್ಡನು ಅದೇ ಕ್ರಮದಿಂದ ಮುಂದೆ ವಿಶ್ವವಿಜೇತನಾದ ಅಲೆಖಿನ್‌ನನ್ನು 1922ರಲ್ಲಿ ಸೋಲಿಸಿದನು. ಆ ಬಳಿಕವೇ ಇತರರು ಅದನ್ನು ಅನುಸರಿಸತೊಡಗಿದರು. ಬೀಜ ಬಿದ್ದ ಮಾತ್ರಕ್ಕೆ ತೋಟವಾಗುವುದಿಲ್ಲ. ಬೆಳೆಸಿದವನ ಹೆಸರು ತೋಟಕ್ಕೆ ಬರುವುದರಲ್ಲಿ ತಪ್ಪಿಲ್ಲ.

ಆದರೆ ಇನ್ನೊಂದು ಸಂಗತಿಯನ್ನು ಗಮನಿಸಬೇಕು. 1848ರಲ್ಲಿ ಕಾಕ್ರೇನನು ಇದೇ ಮಹೇಶಚಂದ್ರನ ವಿರುದ್ಧ, ನಾಲ್ಕನೆಯ ನಡೆಯಲ್ಲಿಯೇ ಕುದುರೆಯನ್ನು ಬಲಿಕೊಡುವ ಸಾಹಸವನ್ನು ಮಾಡಿದನು. ಅದಕ್ಕೆ ಇಂದಿಗೂ 'ಕಾಕ್ರೇನ್ ಗ್ಯಾಂಬಿಟ್' ಎಂದು ಹೆಸರು. ಒಂದೇ ಹಲಗೆಯ ಎರಡು ಕಡೆಗಳಲ್ಲಿ ಕುಳಿತಿದ್ದವರಲ್ಲಿ ಒಬ್ಬನಿಗೆ ಸ್ವಂತ ಹೆಸರು ದೊರೆಯಿತು. ಇನ್ನೊಬ್ಬನಿಗೆ ದೊರೆತುದು ದೇಶದ ಹೆಸರು ಮಾತ್ರ. ದೇಶದ ಹೆಸರನ್ನು ಇಡುವುದೇ ಅಗೌರವವೆಂದು ನಾನು ಹೇಳುತ್ತಿಲ್ಲ. 1834ರಲ್ಲಿ ಲಂಡನ್ ಮತ್ತು ಪ್ಯಾರಿಸ್ ನಗರಗಳು ಅಂಚೆಯ ಮೂಲಕ ಆಡಿದ ಪಂದ್ಯದಿಂದ 'ಫ್ರೆಂಚ್ ಡಿಫೆನ್ಸ್' ಎಂಬ ಹೆಸರು ಬಂದಿತು. ಅಲ್ಲಿ ಆಡಿದುದು ಒಂದು ತಂಡ, ಹೆಸರು ಸರಿಯೇ. ಕಲ್ಕತ್ತೆಯಲ್ಲಿ ಆಡಿದವನು ಹೆಸರುಳ್ಳ ಒಬ್ಬ ವ್ಯಕ್ತಿ. 'ನಿಮ್ಜೊ-ಇಂಡಿಯನ್' ಎಂಬಲ್ಲಿ ಮೊದಲ ಭಾಗ ನಿಮ್ಜೊವಿಚ್ ಎಂಬ ವ್ಯಕ್ತಿಯನ್ನು ನೆನಪಿಸುತ್ತದೆ; ಎರಡನೆಯ ಭಾಗ ಯಾರನ್ನೂ ನೆನಪಿಸುವುದಿಲ್ಲ.

ವಿಜ್ಞಾನದಲ್ಲಿಯೂ ಇದೇ ಕತೆ. ಬೀಜಗಣಿತದ 'ಪೆಲ್ ಸಮೀಕರಣ'ವನ್ನು ಬ್ರಹ್ಮಗುಪ್ತನು 628ರಲ್ಲಿಯೇ ವಿವೇಚಿಸಿದ್ದನು. ಭಾಸ್ಕರಾಚಾರ್ಯನು 1150ರಲ್ಲಿ ಅದನ್ನು ಬಿಡಿಸುವ ಚಕ್ರವಾಳ ವಿಧಾನವನ್ನು ವಿವರಿಸಿದನು. ಆಯ್ಲರನ ತಪ್ಪು ತಿಳಿವಳಿಕೆಯಿಂದ ಅದಕ್ಕೆ ಇಂಗ್ಲೆಂಡಿನ ಜಾನ್ ಪೆಲ್ಲನ ಹೆಸರು ಅಂಟಿಕೊಂಡಿತು. ಯಾವ ಶೋಧವೂ ಅದರ ಮೊದಲ ಶೋಧಕನ ಹೆಸರಿನಿಂದ ಕರೆಯಲ್ಪಡುವುದಿಲ್ಲವೆಂದು ಸಂಖ್ಯಾಶಾಸ್ತ್ರಜ್ಞ ಸ್ಟೀಫನ್ ಸ್ಟಿಗ್ಲರ್ 1980ರಲ್ಲಿ ಅರ್ಧ ವಿನೋದವಾಗಿ ಒಂದು ನಿಯಮವನ್ನು ಸಾರಿದರು. ಆ ನಿಯಮದ ಶ್ರೇಯಸ್ಸು ಸಮಾಜವಿಜ್ಞಾನಿ ರಾಬರ್ಟ್ ಮರ್ಟನ್‌ರಿಗೆ ಸಲ್ಲಬೇಕೆಂದು ಅವರೇ ಹೇಳಿದುದು ಇನ್ನೂ ಸ್ವಾರಸ್ಯಕರ.

ಹಳೆಯ ಹೆಸರುಗಳನ್ನು ಅಳಿಸಿ ಹೊಸದನ್ನು ಬರೆಯಬೇಕೆಂಬುದು ನನ್ನ ವಾದವಲ್ಲ. ಅದರಿಂದ ಗೊಂದಲವೇ ಹೆಚ್ಚೀತು. ಹೆಸರೆಂಬುದು ವ್ಯವಹಾರಕ್ಕೆ ಒಂದು ಗುರುತು. ಅದನ್ನೇ ಚರಿತ್ರೆಯೆಂದು ಭ್ರಮಿಸಬಾರದು, ಅಷ್ಟೆ. ಚದುರಂಗವನ್ನು ಕಲಿಸುವವರು 'ಇಂಡಿಯನ್' ಎಂಬ ಪದವನ್ನು ಉಚ್ಚರಿಸುವಾಗ ಮಹೇಶಚಂದ್ರನ ಹೆಸರನ್ನೂ ಒಮ್ಮೆ ಹೇಳಲಿ.

ವಿದ್ಯಾರ್ಥಿಗಳು ಇದರಿಂದ ಕಲಿಯಬೇಕಾದ ಪಾಠ ಇನ್ನೊಂದಿದೆ. ಮಹೇಶಚಂದ್ರನ ಜಾಣ್ಮೆ ನಮ್ಮವರೆಗೆ ಉಳಿದು ಬಂದುದು ಯಾರೋ ಆ ಆಟಗಳನ್ನು ನಡೆ ನಡೆಯಾಗಿ ಬರೆದಿಟ್ಟು ಅಚ್ಚುಹಾಕಿಸಿದುದರಿಂದ. ಬರೆದಿಡದ ಎಷ್ಟು ಆಟಗಳು, ಎಷ್ಟು ಪ್ರಯೋಗಗಳು, ಎಷ್ಟು ಯೋಚನೆಗಳು ನಮ್ಮಲ್ಲಿ ಹುಟ್ಟಿ ಅಲ್ಲಿಯೇ ಅಳಿದುವೋ! ಆಟವಾಗಲಿ, ಪ್ರಯೋಗವಾಗಲಿ, ಮುಗಿದ ದಿನವೇ ಅದನ್ನು ಬರೆದಿಡುವ ಅಭ್ಯಾಸವನ್ನು ಬೆಳೆಸಿಕೊಳ್ಳಿರಿ. ಸೋತ ಆಟವನ್ನೂ ಬರೆದಿಡಿರಿ; 1855ರ ಆಟವೂ ಸೋತ ಆಟವೇ ಆಗಿದ್ದಿತು.