ಕತ್ತಲ ಕೋಣೆಯಲ್ಲಿ ಕನ್ನಡ ಓದೋದು ಹೇಗೆ?

ಬೆಂಗಳೂರಿನ ಕನ್ನಡದ ಹುಡುಗರೇ,

ಇಂಗ್ಲಿಷ್ ಬೋರ್ಡಿಗೆ ಮಸಿ ಬಳಿಯಲು ಏಣಿ ಹತ್ತುತ್ತೀರಿ. ಭೇಷ್! ನಿಮ್ಮ ಬೀದಿಯ ಸರ್ಕಾರಿ ಕನ್ನಡ ಶಾಲೆಯ ಕೋಣೆಗೆ ಎಷ್ಟು ಕಿಟಕಿ ಇವೆ, ಎಂದಾದರೂ ಎಣಿಸಿದ್ದೀರಾ?

ನಾನು ದೊಡ್ಡಮಳೂರಿನ ಕಡೆಯವನು, ಪ್ರೆಸ್ಸು ನಡೆಸುವವನು. ಓದಿದ್ದು ಪಿಯುಸಿ. ಆದರೆ ಅಕ್ಷರ ಕಣ್ಣಿಗೆ ಹೇಗೆ ಕಾಣುತ್ತೆ ಅಂತ ಯಾವ ಶಿಕ್ಷಣ ತಜ್ಞನೂ ನನಗೆ ಹೇಳಿಕೊಡಬೇಕಿಲ್ಲ. ಪ್ರೆಸ್ಸಿನಲ್ಲಿ ಕರಡು ತಿದ್ದುವವರನ್ನು ಕಿಟಕಿ ಪಕ್ಕವೇ ಕೂರಿಸುತ್ತೇವೆ. 'ದ'ಕ್ಕೂ 'ಧ'ಕ್ಕೂ ಇರುವ ವ್ಯತ್ಯಾಸ ಅಡಿಯಲ್ಲೊಂದು ಸಣ್ಣ ಸೀಳು. 'ಪ', 'ಫ' ಕೂಡ ಹಾಗೇ. ಒತ್ತಕ್ಷರವೋ ಸಾಲಿನ ಕೆಳಗೆ ಪುಟ್ಟದಾಗಿ ಮುದುರಿ ಕೂತಿರುತ್ತೆ. ಮಬ್ಬು ಬೆಳಕಲ್ಲಿ ಪಳಗಿದ ಕಣ್ಣೇ ಎಡವುತ್ತೆ, ಒಂದನೇ ಕ್ಲಾಸಿನ ಕೂಸಿನ ಗತಿ ಏನು? ಕಾಣದೆ ತಡವರಿಸಿದ ಮಗುವಿಗೆ 'ದಡ್ಡ' ಅಂತ ಹೆಸರು!

ಸದ್ದಿನ ಕಥೆಯೂ ಇದೇ. ನ್ಯೂಯಾರ್ಕಿನ ಒಂದು ಶಾಲೆಯ ಪಕ್ಕದಲ್ಲೇ, ಎತ್ತರದ ಕಂಬಗಳ ಮೇಲೆ ರೈಲು ಓಡುತ್ತಿತ್ತು. ಅರ್ಲಿನ್ ಬ್ರಾನ್ಸಾಫ್ಟ್ ಎಂಬ ಮನಶ್ಶಾಸ್ತ್ರಜ್ಞೆ 1975ರಲ್ಲಿ ಲೆಕ್ಕ ಹಾಕಿ ತೋರಿಸಿದರು: ಹಳಿಯ ಕಡೆಯ ಕೋಣೆಯ ಆರನೇ ತರಗತಿ ಮಕ್ಕಳು, ಆಚೆ ಬದಿಯ ಮಕ್ಕಳಿಗಿಂತ ಓದಿನಲ್ಲಿ ಸುಮಾರು ಒಂದು ವರ್ಷ ಹಿಂದೆ. ಹಳಿಗೆ ರಬ್ಬರ್ ಹಾಸಿದರು, ಕೋಣೆಗಳಿಗೆ ಸದ್ದು ಹೀರುವ ಸೂರು ಹೊದಿಸಿದರು. ಅಂತರ ಮಾಯ!

ನಮ್ಮಲ್ಲಿ? ದೊಡ್ಡಮಳೂರಿನ ಮೇಲೆಯೇ ಹಳೇ ಬೆಂಗಳೂರು–ಮೈಸೂರು ಹೆದ್ದಾರಿ. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದಾಗ ಎಷ್ಟು ನಿಮಿಷ ಉಳಿಯಿತು ಅಂತ ಎಲ್ಲರೂ ಲೆಕ್ಕ ಹೇಳಿದರು. ರಸ್ತೆಬದಿಯ ಶಾಲೆಯೊಳಗಿನ ಸದ್ದು ಅಳೆದವರನ್ನು ನಾನು ಕಾಣೆ.

2022ರ ನವೆಂಬರಿನಲ್ಲಿ ರಾಜ್ಯ ಸರ್ಕಾರ 'ವಿವೇಕ' ಹೆಸರಲ್ಲಿ ಏಳು ಸಾವಿರಕ್ಕೂ ಹೆಚ್ಚು ಶಾಲಾ ಕೊಠಡಿ ಕಟ್ಟಲು ಹೊರಟಿತು. ಜಗಳ ಯಾತಕ್ಕೆ? ಗೋಡೆಗೆ ಕೇಸರಿ ಬಳಿಯಬೇಕೋ ಬೇಡವೋ ಅಂತ! ಟಿವಿಯಲ್ಲಿ ಗಂಟಲು ಹರಿದುಕೊಂಡ ಎರಡೂ ಪಕ್ಷದವರು ಕಿಟಕಿಯ ಮಾತೆತ್ತಲಿಲ್ಲ. ಇಂಗ್ಲೆಂಡಿನ ಸಾಲ್ಫರ್ಡ್ ವಿಶ್ವವಿದ್ಯಾಲಯ 153 ತರಗತಿ ಕೋಣೆ ಪರೀಕ್ಷಿಸಿ, ಮಕ್ಕಳ ವರ್ಷದ ಕಲಿಕೆಯ ಏರುಪೇರಿನಲ್ಲಿ ಶೇ. 16 ಕೋಣೆಯದ್ದೇ ಅಂತ 2015ರಲ್ಲಿ ಹೇಳಿತ್ತು. ಬೆಳಕು, ಗಾಳಿ, ಸೆಕೆಯದೇ ಅದರಲ್ಲಿ ದೊಡ್ಡ ಪಾಲು.

ಕಲಿಕಾ ಮಾಧ್ಯಮವನ್ನು ಪೋಷಕರೇ ಆರಿಸಲಿ ಅಂತ ಸುಪ್ರೀಂ ಕೋರ್ಟು 2014ರಲ್ಲೇ ಹೇಳಿಬಿಟ್ಟಿದೆ. ಆರಿಸುವ ತಾಯಿ ಮೊದಲು ನೋಡೋದು ಸೋರದ ಸೂರು, ಮಗಳಿಗೆ ಚಿಲಕವಿರುವ ಶೌಚಾಲಯ. ಅವಳನ್ನು ಕನ್ನಡದ್ರೋಹಿ ಅಂದರೆ ನಮ್ಮ ನಾಲಿಗೆಗೆ ಹುಳ ಬೀಳುತ್ತೆ. (ಕಾನ್ವೆಂಟುಗಳೇನು ಅರಮನೆಯಲ್ಲ. ಬಾಡಿಗೆ ಮನೆಯ ಕತ್ತಲ ಗೂಡುಗಳೂ ಇವೆ. ಆದರೆ ನೆಲಕ್ಕೆ ಟೈಲ್ಸ್ ಹಾಕಿರುತ್ತಾರೆ!)

2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಓದಿ. ಮಳೆ ಬಿಸಿಲು ತಡೆಯುವ ಕಟ್ಟಡ, ಹೆಣ್ಣುಮಕ್ಕಳಿಗೆ ಪ್ರತ್ಯೇಕ ಶೌಚಾಲಯ, ಗ್ರಂಥಾಲಯ, ಆಟದ ಬಯಲು, ಎಲ್ಲಾ ಇದೆ. ಬೆಳಕು ಮತ್ತು ಸದ್ದಿನ ಸೊಲ್ಲಿಲ್ಲ. ಅದನ್ನು ಸೇರಿಸಿ ಅಂತ ನಿಮ್ಮ ಶಾಸಕನ ಮನೆ ಮುಂದೆ ಕೂರಿ. ಅಷ್ಟರೊಳಗೆ ಈ ರಾಜ್ಯೋತ್ಸವದ ಫ್ಲೆಕ್ಸಿನ ದುಡ್ಡು ಉಳಿಸಿ (ನಷ್ಟ ನನ್ನಂಥವರಿಗೇ, ಆಗಲಿ), ಎಸ್‌ಡಿಎಂಸಿಯವರನ್ನು ಕಂಡು, ಹೆಂಚಿನ ಶಾಲೆಯಾದರೆ ಕೋಣೆಗೆ ನಾಲ್ಕು ಗಾಜಿನ ಹೆಂಚು ಹಾಕಿಸಿ. ಆರ್‌ಸಿಸಿಯಾದರೆ ಒಳಗೋಡೆಗೆ ಬಿಳಿ ಸುಣ್ಣ, ರಸ್ತೆ ಕಡೆಗೆ ಹೊಂಗೆ ಸಸಿ.